ಹಳದಿ ಪಟ್ಟಿ

"ಟ್ರಾವೆಲರ್ ನರ್ಸ್ ನೀವೇನಾ?"

ತಲೆ ಎತ್ತದೆಯೇ ಕೇಳಿದ ಆತ.

ಬೆಳಿಗ್ಗೆ ಏಳು ಗಂಟೆ. ಉತ್ತರದ ಹಿಮಸೀಮೆಯ ಮಾರ್ಕೆಟ್ ಎಂಬ ಊರಿನ ಆಸ್ಪತ್ರೆಯ ನಾಲ್ಕನೇ ಮಹಡಿ. ದಕ್ಷಿಣದ ಬಿಸಿಲುನಾಡು ಲೂಸಿಯಾನಾದಿಂದ ಮೂರು ದಿನ ಕಾರು ಓಡಿಸಿಕೊಂಡು ಬಂದ ಓಡೆಟ್ ಫೊಂಟೆನೊ, ತೆಳು ಜಾಕೆಟ್ಟು, ಬಟ್ಟೆಯ ಬೂಟು, ಬೂಟಿನ ತುಂಬ ಹಿಮ... ಗಡಗಡ ನಡುಗುತ್ತ ನಿಂತಿದ್ದಳು.

"ಹೌದು, ನಾನೇ. ಅಲ್ಲ, ನಿಮ್ಮೂರಲ್ಲಿ ಚಳಿಗಾಲ ಯಾವಾಗ ಮುಗಿಯತ್ತೆ?"

ಆತ ತಲೆ ಎತ್ತಿದ. ಎದೆಯ ಮೇಲಿನ ಬಿಲ್ಲೆಯಲ್ಲಿ ರೈನೊ ಲಾಹ್ತಿ, ಪಾಳಿ ಮುಖ್ಯಸ್ಥ ಎಂದಿತ್ತು. ಅವಳನ್ನೇ ಒಂದು ಕ್ಷಣ ನೋಡಿದ. ಕಿವಿ ಕೆಂಪಾಯಿತು. ಕೈಯಲ್ಲಿದ್ದ ಕಾಗದಗಳು ನೆಲಕ್ಕೆ ಬಿದ್ದವು.

"ಜುಲೈಗೆ," ಎಂದ ಗಂಟಲು ಸರಿಮಾಡಿಕೊಂಡು. "ನೀವು... ಆರನೇ ಮಹಡಿಗೆ ಹೋಗಿ. ಅಲ್ಲಿ ಜನ ಕಡಿಮೆ ಇದ್ದಾರೆ. ಈಗಲೇ ಹೋಗಿ!"

ಅಷ್ಟೇ! ಸ್ವಾಗತವಿಲ್ಲ, ಒಂದು ಕಪ್ ಕಾಫಿ ಇಲ್ಲ.

ಟ್ರಾವೆಲ್ ನರ್ಸ್‌ಗಳ ಬದುಕೇ ಹೀಗೆ. ಹದಿಮೂರು ವಾರ ಒಂದು ಊರು, ಇನ್ನು ಹದಿಮೂರು ವಾರ ಇನ್ನೊಂದು. ಬೇರೆ ಮಹಡಿಯಲ್ಲಿ ಕೈ ಕಡಿಮೆ ಬಿದ್ದರೆ ಮೊದಲು ಅಲ್ಲಿಗೆ ಅಟ್ಟುವುದು ಟ್ರಾವೆಲರ್‌ಗಳನ್ನೇ. ಇದು ಓಡೆಟ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಾಲ್ಕು ವಾರದಲ್ಲಿ ಒಂಬತ್ತು ಸಲವೇ?

"ಅವನಿಗೆ ನನ್ನ ಮುಖ ಕಂಡ್ರೆ ಆಗಲ್ಲ," ಎಂದಳು ಒಂದು ದಿನ ಸಹಾಯಕಿ ಲವೊನ್ ಹತ್ತಿರ.

"ಅಯ್ಯೋ ಮಾರಾಯ್ತಿ, ಅವನಿಗೆ ಯಾರ ಮುಖಾನೂ ಆಗಲ್ಲ. ಅವರಪ್ಪ ತನ್ನ ಮದುವೇಲೂ ಮಾತಾಡಿರಲಿಲ್ಲವಂತೆ!" ಲವೊನ್ ಪಾಸ್ಟಿ ಕಡುಬನ್ನು ಕಚ್ಚುತ್ತ ನಕ್ಕಳು. "ಇವನಿಗೆ ಮದುವೇನೂ ಆಗಿಲ್ಲ, ಮಾತೂ ಇಲ್ಲ."

ಈ ಊರಲ್ಲಿ ಒಳ್ಳೆಯವನು ಒಬ್ಬನೇ, ಕಾರು ನಿಲ್ಲಿಸುವ ಜಾಗದ ಕಾವಲುಗಾರ. ಓಡೆಟ್ ಹಾಗೆಂದುಕೊಂಡಿದ್ದಳು. ಸಂಜೆ ಕೆಲಸ ಮುಗಿಸಿ ಬಂದರೆ ಎಲ್ಲರ ಕಾರುಗಳೂ ಹಿಮದಡಿ ಹೂತಿರುತ್ತಿದ್ದವು. ಅವಳ ಕಾರಿನ ಗಾಜು ಮಾತ್ರ ಸ್ವಚ್ಛ! ಪಾಪ, ಬೇರೆ ಊರಿನ ನಂಬರ್ ಪ್ಲೇಟು ನೋಡಿ ಕನಿಕರ ಪಡುತ್ತಾನೆ ಎಂದುಕೊಂಡು ಅವನಿಗೆ ಒಂದು ಡಬ್ಬಿ ಬಿಸ್ಕತ್ತೂ ಕೊಟ್ಟಿದ್ದಳು. ಅವನು ಕಣ್ಣು ಪಿಳಿಪಿಳಿ ಬಿಟ್ಟು ಈಸಿಕೊಂಡಿದ್ದ. ಮನುಷ್ಯ ಬಿಸ್ಕತ್ತು ಬೇಡ ಅನ್ನುತ್ತಾನೆಯೇ?

ಐದನೇ ವಾರದ ಮಂಗಳವಾರ ಓಡೆಟ್‌ಗೆ ನಾಲ್ಕನೇ ಮಹಡಿಯಲ್ಲೇ ಕೆಲಸ ಸಿಕ್ಕಿತು. ಹನ್ನೆರಡನೇ ಕೋಣೆಯಲ್ಲಿ ಕಂಗಸ್ ಎಂಬ ಮುದುಕ. ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್.

"ಈ ಎಡಗೈ ಮುಟ್ಟಬೇಡಮ್ಮ. ಇದು ಡಯಾಲಿಸಿಸ್‌ನವರ ಆಸ್ತಿ. ಸೂಜಿ ಚುಚ್ಚಿದ್ರೆ ನನ್ನ ಹೆಂಡತಿ ನಿನ್ನ ಬಿಡಲ್ಲ."

"ನಿಮ್ಮ ಹೆಂಡತಿಗೆ ನಾನೂ ಹೆದರ್ತೀನಿ ಅಜ್ಜ!"

ನಗುತ್ತಲೇ ಖಾನೆಯಿಂದ ಒಂದು ಹಳದಿ ಪಟ್ಟಿ ತೆಗೆದು ಅವರ ಎಡ ಮಣಿಕಟ್ಟಿಗೆ ಕಟ್ಟಿದಳು. ಹದಿಮೂರು ವಾರವನ್ನು ಮತ್ತೆ ಮತ್ತೆ ಮುಂದುವರಿಸಿ ಹಿಂದಿನ ಒಂದು ವರ್ಷ ಅವಳು ದುಡಿದ ಟೆಕ್ಸಾಸಿನ ಆಸ್ಪತ್ರೆಯಲ್ಲಿ ಹಳದಿ ಎಂದರೆ ಈ ಕೈ ಮುಟ್ಟಬೇಡಿ ಎಂದರ್ಥ. ಕೈಗೆ ಅದೇ ರೂಢಿ.

ಆದರೆ ಇಲ್ಲಿ ಹಳದಿ ಎಂದರೆ ಬೇರೆ. ಎದೆಬಡಿತ ನಿಂತರೆ ಈ ರೋಗಿಯನ್ನು ಬದುಕಿಸಲು ಹೋಗಬೇಡಿ, ಅದು ಅವರದೇ ಇಚ್ಛೆ!

ಅದು ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅಪಾಯದ ಗಂಟೆ ಕಿರುಚಿತು. ಹನ್ನೆರಡನೇ ಕೋಣೆ!

ಓಡೆಟ್ ಪಕ್ಕದ ಕೋಣೆಯಿಂದ ಓಡಿ ಬಂದಳು. ರೈನೊ ಆಗಲೇ ಮುದುಕನ ಎದೆ ಒತ್ತುತ್ತಿದ್ದ. ಡಾಕ್ಟರು ಒಳಗೆ ಬಂದವರೇ ಮಣಿಕಟ್ಟು ನೋಡಿದರು.

"ನಿಲ್ಲಿಸು ರೈನೊ! ಹಳದಿ ಪಟ್ಟಿ ಇದೆ. ಕೈ ತೆಗಿ."

ರೈನೊನ ಕೈ ನಿಂತಿತು.

ಓಡೆಟ್‌ಗೆ ಒಮ್ಮೆಲೇ ಅರ್ಥವಾಯಿತು. ಬಾಯಿ ಬಿಟ್ಟರೆ ಮುಗಿಯಿತು... ಆಸ್ಪತ್ರೆ ಅವಳ ಹೆಸರನ್ನು ಮತ್ತೆ ಕೆಲಸಕ್ಕೆ ಕರೆಯಬಾರದವರ ಲಿಸ್ಟಿಗೆ ಹಾಕುತ್ತದೆ, ಕೆಲಸ ಕೊಡಿಸುವ ಏಜೆನ್ಸಿ ಕೈಬಿಡುತ್ತದೆ. ಹೆಲಿಕಾಪ್ಟರಿನಲ್ಲಿ ಹಾರಿ ರೋಗಿಗಳನ್ನು ತರುವ ನರ್ಸ್ ಆಗಬೇಕೆಂದು ಆರು ವರ್ಷ ಊರೂರು ಅಲೆದದ್ದೆಲ್ಲ ಮಣ್ಣುಪಾಲು.

"ಅದು ಸುಳ್ಳು ಪಟ್ಟಿ! ನಾನು ಕಟ್ಟಿದ್ದು! ನನ್ನದೇ ತಪ್ಪು, ಅವರು ಬದುಕಬೇಕು ಅಂದಿದ್ದಾರೆ! ಒತ್ತು ರೈನೊ!"

ಆತ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮತ್ತೆ ಒತ್ತತೊಡಗಿದ. ಓಡೆಟ್ ಇನ್ನೊಂದು ಕಡೆ ನಿಂತಳು. ಅವನು ದಣಿದಾಗ ಅವಳು, ಅವಳು ದಣಿದಾಗ ಅವನು. ಏಳು ನಿಮಿಷ.

ಮುದುಕ ಕೆಮ್ಮಿದ.

ಓಡೆಟ್ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ರೈನೊ ಅವಳತ್ತ ಒಂದು ಹೆಜ್ಜೆ ಇಟ್ಟ. ನಿಂತ.

"ವರದಿ ಬರೀಬೇಕು," ಎಂದ. ದನಿ ಬಿರುಸಾಗಿತ್ತು. "ಇವತ್ತೇ."

"ಬರೀರಿ. ಚೆನ್ನಾಗಿ ಬರೀರಿ. ಐದು ವಾರದಿಂದ ಇದಕ್ಕೇ ಕಾಯ್ತಿದ್ರಲ್ಲ!"

ಆತನ ಮುಖ ಬಿಳಿಚಿತು. ಹೊರಗೆ ಹೋದ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಅಲ್ಲಿಯವರೆಗೆ ಕೆಲಸವಿಲ್ಲ. ಬಾಡಿಗೆ ಕೋಣೆಯಲ್ಲಿ ಓಡೆಟ್‌ಗೆ ಅನ್ನ ಸೇರಲಿಲ್ಲ, ಅಮ್ಮ ಕಳಿಸಿದ್ದ ಖಾರದ ಪುಡಿಯ ಡಬ್ಬಿಯನ್ನೂ ತೆರೆಯಲಿಲ್ಲ. ಏಜೆನ್ಸಿಯವಳು ಫೋನು ಮಾಡಿದಳು.

"ನೋಡು ಚಿನ್ನ, ಆ ಬೇಡದವರ ಲಿಸ್ಟಿಗೆ ಹೆಸರು ಬಿತ್ತು ಅಂದ್ರೆ ನಾವೂ ಏನೂ ಮಾಡೋಕಾಗಲ್ಲ. ಆ ಮುಖ್ಯಸ್ಥ ಎರಡು ಪುಟ ಬರೆದಿದ್ದಾನಂತೆ."

ಎರಡು ಪುಟ! ಮಾತೇ ಆಡದವನಿಗೆ ನನ್ನ ಮೇಲೆ ಚಾಡಿ ಹೇಳೋಕೆ ಮಾತ್ರ ಎರಡು ಪುಟ ಸಿಕ್ಕಿತಾ? ಎಷ್ಟು ದ್ವೇಷ ಇರಬೇಕು... ಹಾಗಿದ್ದೂ ಆ ಏಳು ನಿಮಿಷ ಎದುರಿಗೆ ನಿಂತಿದ್ದ ಕಣ್ಣುಗಳು ಯಾಕೆ ಮರೆತುಹೋಗುತ್ತಿಲ್ಲ?

ಶುಕ್ರವಾರ, ಮೇಲ್ವಿಚಾರಕಿ ಗ್ರೆಚೆನ್ ಕನ್ನಡಕ ಏರಿಸಿ ಕಾಗದ ಮುಂದೆ ತಳ್ಳಿದಳು.

"ಇದನ್ನ ನೀನೇ ಓದು. ಕೂತ್ಕೊಂಡು ಓದು."

ಓಡೆಟ್ ಕೂತು ಓದಿದಳು.

"ಹೊಸ ನರ್ಸ್‌ಗೆ ಮೊದಲ ದಿನವೇ ಪಟ್ಟಿಗಳ ಬಣ್ಣದ ಹಾಳೆ ತೋರಿಸಿ ಸಹಿ ಪಡೆಯುವುದು ಪಾಳಿ ಮುಖ್ಯಸ್ಥನ ಹೊಣೆ. ನಾನು ತೋರಿಸಲಿಲ್ಲ. ನಿಂತ ಹೆಜ್ಜೆಯಲ್ಲೇ ಆರನೇ ಮಹಡಿಗೆ ಕಳಿಸಿದೆ. ಅಂದು ಅವಸರವಿತ್ತು. ಆಕೆ ತನ್ನ ಕೆಲಸ ಹೋಗುತ್ತದೆಂದು ತಿಳಿದೂ ಎಲ್ಲರ ಮುಂದೆ ಕೂಗಿ ಹೇಳಿದ್ದರಿಂದ ರೋಗಿ ಬದುಕಿದ್ದಾರೆ. ಶಿಕ್ಷೆ ಯಾರಿಗಾದರೂ ಆಗಬೇಕೆಂದರೆ ನನಗಾಗಲಿ. ಪಟ್ಟಿಗಳ ಮೇಲೆ ಬಣ್ಣದ ಜೊತೆ ಅರ್ಥವನ್ನೂ ಅಚ್ಚು ಹಾಕಿಸಬೇಕು."

ಅಕ್ಷರಗಳು ಮಂಜಾದವು.

"ಅವನನ್ನ ಮುಖ್ಯಸ್ಥನ ಕೆಲಸದಿಂದ ಇಳಿಸಿದ್ದೀನಿ, ಆರು ತಿಂಗಳು," ಎಂದಳು ಗ್ರೆಚೆನ್. "ನೀನು ಕೇಳದೆ ಪಟ್ಟಿ ಕಟ್ಟಿದ್ದು ತಪ್ಪೇ. ಬಾಯಿಬಿಟ್ಟು ಹೇಳಿದ್ದು ದೊಡ್ಡದು. ಹದಿಮೂರು ವಾರ ಪೂರ್ತಿ ಮಾಡು. ಬೇಸಿಗೆಯಲ್ಲಿ ನಮ್ಮ ಹೆಲಿಕಾಪ್ಟರ್ ತಂಡಕ್ಕೆ ಜನ ತಗೋತಾರೆ. ಅರ್ಜಿ ಹಾಕು, ಕೊಡಿಸ್ತೀನಿ ಅಂತ ಮಾತ್ರ ಹೇಳಲ್ಲ. ಈಗ ಹೊರಡು, ನನಗೆ ಕೆಲಸ ಇದೆ."

ಓಡೆಟ್ ಮೆಟ್ಟಿಲು ಇಳಿದು ಓಡಿದಳು. ಹೊರಗೆ ಹಿಮ ದಬದಬ ಸುರಿಯುತ್ತಿತ್ತು. ಅವಳ ಕಾರಿನ ಮುಂದೆ ಯಾರೋ ಬಗ್ಗಿ ಗಾಜು ಕೆರೆಯುತ್ತಿದ್ದರು.

ಕಾವಲುಗಾರನಲ್ಲ.

"ರೈನೊ?"

ಆತ ಬೆಚ್ಚಿ ನೆಟ್ಟಗೆ ನಿಂತ. ಹುಬ್ಬಿನ ಮೇಲೆ ಹಿಮ, ಕಿವಿ ಕೆಂಡದಂತೆ ಕೆಂಪು.

"ದಿನಾ ನೀವೇನಾ ಇದು?"

"...ನಿಮ್ಮ ಹತ್ರ ಕೆರೆಯೋ ಬ್ರಷ್ ಇರಲಿಲ್ಲ. ಮೊದಲ ದಿನ ಡಬ್ಬಿ ಮುಚ್ಚಳದಲ್ಲಿ ಕೆರೀತಿದ್ರಿ. ಕಿಟಕಿಯಿಂದ ನೋಡಿದೆ."

"ನಾನು ಕಾವಲುಗಾರನಿಗೆ ಬಿಸ್ಕತ್ತು ಕೊಟ್ಟೆ!"

"ಗೊತ್ತು. ನನಗೆ ಎರಡು ಕೊಟ್ಟ. ಚೆನ್ನಾಗಿತ್ತು."

ನಗು ಬಂತು, ಅದರ ಹಿಂದೆಯೇ ಅಳು. "ಹೇಳಬಾರದಿತ್ತಾ? ಈ ಮೂರು ದಿನ ನಿಮ್ಮನ್ನ ಎಷ್ಟು ಬೈಕೊಂಡೆ ಗೊತ್ತಾ? ಒಂದು ಫೋನು..."

"ವಿಚಾರಣೆ ಮುಗಿಯೋವರೆಗೂ ಇಬ್ಬರೂ ಮಾತಾಡಬಾರದು, ನಿಯಮ. ಮಾತಾಡಿದ್ರೆ ನಾವಿಬ್ಬರೂ ಸೇರಿ ಕಟ್ಟಿದ ಕಥೆ ಅಂತಿದ್ರು." ಆತ ಕೈಯಲ್ಲಿನ ಬ್ರಷ್ ತಿರುವಿದ. "ಓಡೆಟ್, ಆ ವರದಿಯಲ್ಲಿ ಒಂದು ಸುಳ್ಳಿದೆ."

"ಏನು?"

"ಅವಸರ ಇತ್ತು ಅಂತ ಬರೆದೆ. ಅವತ್ತು ಏನೂ ಅವಸರ ಇರಲಿಲ್ಲ. ಬಣ್ಣದ ಹಾಳೆ ನನ್ನ ಕೈಯಲ್ಲೇ ಇತ್ತು. ನೀವು ಬಂದು ನಿಂತ್ರಿ, ಬೂಟಿನ ತುಂಬ ಹಿಮ, ಚಳಿಗಾಲ ಯಾವಾಗ ಮುಗಿಯತ್ತೆ ಅಂದ್ರಿ. ಹಾಳೆ ಕೆಳಗೆ ಬಿತ್ತು. ನನಗೆ ಮತ್ತೇನೂ ನೆನಪಾಗಲಿಲ್ಲ. ನೀವು ಎದುರಿಗಿದ್ರೆ ನನ್ನ ಕೆಲಸ ಕೆಡತ್ತೆ ಅಂತ ನಿಮ್ಮನ್ನ ಬೇರೆಯವರ ಸರದೀಲೂ ಮೇಲೆ ಕಳಿಸಿದೆ. ಅದರಿಂದ ಒಂದು ಜೀವ ಹೋಗ್ತಿತ್ತು. ಅದನ್ನ ಗ್ರೆಚೆನ್‌ಗೆ ಈಗ ಹೋಗಿ ಹೇಳ್ತೀನಿ. ಮೊದಲು ನಿಮಗೆ ಹೇಳಬೇಕು ಅನ್ನಿಸ್ತು."

ಇಷ್ಟು ಮಾತು ಆತ ಜನ್ಮದಲ್ಲಿ ಆಡಿರಲಿಲ್ಲ.

ಓಡೆಟ್ ಹತ್ತಿರ ಬಂದಳು. ಅವನ ಹುಬ್ಬಿನ ಮೇಲಿನ ಹಿಮವನ್ನು ಹೆಬ್ಬೆರಳಲ್ಲಿ ಒರೆಸಿದಳು.

"ನಾನೂ ಬರ್ತೀನಿ. ಇಬ್ಬರೂ ಸೇರಿ ಬೈಸಿಕೊಳ್ಳೋಣ."

"ಅದಾದ ಮೇಲೆ?"

"ಇನ್ನೂ ಎಂಟು ವಾರ ಇದೆ."

"ಸಾಲಲ್ಲ," ಎಂದ ರೈನೊ. "ಇರ್ತೀಯಾ, ಓಡೆಟ್?"

"ಇರ್ತೀನಿ. ಆದ್ರೆ ಒಂದು ಷರತ್ತು. ಇನ್ನು ನನ್ನನ್ನ ಆರನೇ ಮಹಡಿಗೆ ಕಳಿಸಬಾರದು."

"ನಾನೀಗ ಮುಖ್ಯಸ್ಥ ಅಲ್ಲ ಕಣೆ. ಸೋಮವಾರ ನನ್ನನ್ನೇ ಅಲ್ಲಿಗೆ ಹಾಕಿದ್ದಾರೆ."

"ಹೌದಾ?" ಓಡೆಟ್ ಅವನ ತಣ್ಣನೆಯ ಬೆರಳುಗಳನ್ನು ತನ್ನ ಜಾಕೆಟ್ಟಿನ ಜೇಬಿಗೆ ಎಳೆದುಕೊಂಡಳು. "ಹಾಗಾದ್ರೆ ಸೋಮವಾರ ನಾನೇ ಕೇಳಿ ಅಲ್ಲಿಗೆ ಬರ್ತೀನಿ."