ಬೊಟ್ಟು ಇಟ್ಟ ಗಾಲಿಗಳು

“ನೋಡು, ಗಾಲಿ ಮತ್ತ ತಿರುಗಾಕತ್ತಾವ. ಇದು ರೋಬೋಟ್ ಐತೋ, ನಿಂತಲ್ಲೇ ಪ್ರದಕ್ಷಿಣಿ ಹಾಕೋ ಅಜ್ಜಿನೋ?” ಎಂದು ಪಿಂಕಿ ಹಣೆ ಚಚ್ಚಿಕೊಂಡಳು. ಕೆಳಗಿನ ಮನೆಯ ಪಿಂಕಿ ಚಿನ್ಮಯಿಯ ಟೀಮಿನವಳು.

ಚಿನ್ಮಯಿ ರೋಬೋಟನ್ನು ಎತ್ತಿ ಮತ್ತೆ ಮೊದಲಿನ ಜಾಗದಲ್ಲಿಟ್ಟಳು. ಹಿಂದೆ ಹೋಗು ಎಂದು ಬಟನ್ ಒತ್ತಿದರೆ ಸಾಕು, ನಾಲ್ಕೂ ಗಾಲಿಗಳು ಮೊದಲು ಆಫೀಸ್ ಕುರ್ಚಿಯ ಗಾಲಿಗಳಂತೆ ನಿಂತಲ್ಲೇ ಅರ್ಧ ಸುತ್ತು ತಿರುಗಿ, ಆಮೇಲೆ ಆರಾಮಾಗಿ ಹೊರಡುತ್ತಿದ್ದವು. ನಾಳೆಯೇ ಹಿಮಾಯತ್‌ನಗರದಲ್ಲಿ ಕಾಂಪಿಟೇಶನ್. ಹೀಗಾದರೆ ಮೊದಲ ರೌಂಡಿನಲ್ಲೇ ಗಂಟುಮೂಟೆ ಕಟ್ಟಬೇಕು.

“ಮೋಟಾರ್ ಉಲ್ಟಾ ಓಡಿಸಿದ್ರ ಮುಗೀತಲ್ಲ? ಗಾಲಿ ಯಾಕ ತಿರುಗಬೇಕು?” ಎಂದಳು ಪಿಂಕಿ.

“ಬೊಟ್ಟು ಮುಂದನ ಇರಬೇಕು.”

ಆಯುಧಪೂಜೆಯ ದಿನ ಅವ್ವ ಒಂದೊಂದು ಗಾಲಿಯನ್ನು ಹಿಡಿದು ಅದರ ಜೊತೆಗೇ ಹೊರಳುವ ಕ್ಲಾಂಪಿನ ಮುಂದುಗಡೆ ಕುಂಕುಮದ ಬೊಟ್ಟು ಇಟ್ಟಿದ್ದಳು. ಅದಾದ ಮೇಲೆ ಅವ್ವನಿಗೆ ಬೀದರಿಗೆ ಟ್ರಾನ್ಸ್‌ಫರ್ ಆಯಿತು. ಈಗ ಅವಳು ಬರುವುದು ಶನಿವಾರ, ಹೋಗುವುದು ಭಾನುವಾರ. ಚಿನ್ಮಯಿ ಆ ಬೊಟ್ಟುಗಳ ಮೇಲೆ ಸೆಲ್ಲೋಟೇಪ್ ಅಂಟಿಸಿದ್ದಳು. ರೋಬೋಟ್ ಎತ್ತ ಹೋದರೂ ಅವೇ ಮುಂದಿರುವಂತೆ ಪ್ರೋಗ್ರಾಂ ಬರೆದಿದ್ದಳು.

ಆ ಭಾನುವಾರ ಸಂಜೆ ಅಪ್ಪನ ಜೊತೆ ಲಿಂಗಂಪಲ್ಲಿ ಸ್ಟೇಷನ್ನಿಗೆ ಹೋಗಿ ಅವ್ವನನ್ನು ಕಳಿಸುವಾಗ ಚಿನ್ಮಯಿ ಅವಳ ಸೆರಗು ಬಿಡಲಿಲ್ಲ.

“ನಾಳಿ ಒಂದ ದಿನ ಇರವ್ವ. ನನ್ನ ರೋಬೋಟ್ ನೋಡು.”

“ಸೂಟಿ ಕೊಡಲಿಲ್ಲ ಚಿನ್ನಿ. ನನಗೂ ಇರಬೇಕು ಅಂತ ಭಾಳ ಐತಿ.”

ರೈಲು ಹೊರಟಿತು. ಅವ್ವ ಒಳಗೆ ಹೋಗಿ ಕೂರಲಿಲ್ಲ. ಬಾಗಿಲಲ್ಲೇ ನಿಂತು ಕೈ ಬೀಸುತ್ತಿದ್ದಳು. ರೈಲು ಬೀದರಿನ ಕಡೆ ಓಡುತ್ತಿತ್ತು, ಅವ್ವನ ಮುಖ ಮಾತ್ರ ಚಿನ್ಮಯಿಯ ಕಡೆಗೇ ಇತ್ತು. ಚಿನ್ಮಯಿಗೆ ಅಳು ಬಂತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ರೈಲು ಸಣ್ಣದಾಗಿತ್ತು.

ದಾರಿಯುದ್ದಕ್ಕೂ ಅವಳು ಏನೋ ಯೋಚಿಸುತ್ತಿದ್ದಳು. “ಅಪ್ಪಾ, ಲಗೂ ನಡೀರಿ” ಎಂದಳು ಒಮ್ಮೆ.

ಮನೆಗೆ ಬಂದವಳೇ ಪಿಂಕಿಯನ್ನು ಕೂಗಿ ಲ್ಯಾಪ್‌ಟಾಪ್ ತೆಗೆದಳು. ಕಾಲು ಸುತ್ತಿಗಿಂತ ಹೆಚ್ಚು ತಿರುಗಬೇಕಾಗಿ ಬಂದರೆ, ಅಷ್ಟು ತಿರುಗುವುದೇ ಬೇಡ. ಗಾಲಿಯ ಹಿಂಬದಿಯೇ ಆ ದಿಕ್ಕಿಗೆ ಹೊರಳಲಿ, ಮೋಟಾರ್ ಉಲ್ಟಾ ಓಡಲಿ. ಅಷ್ಟನ್ನು ಬರೆದು, ರೋಬೋಟನ್ನು ತನ್ನ ಎದುರಿಗೆ ಮುಖ ಮಾಡಿ ಇಟ್ಟು, ಬಟನ್ ಒತ್ತಿದಳು.

ಗಾಲಿಗಳು ಒಂದಿಷ್ಟೂ ತಿರುಗಲಿಲ್ಲ. ರೋಬೋಟ್ ಸರ್ರನೆ ಹಿಂದಕ್ಕೆ, ಅಡುಗೆಮನೆಯ ಕಡೆ ಓಡಿತು.

“ಅಯ್ಯ, ಬೊಟ್ಟು ಹಿಂದ ಆದ್ವಲ್ಲ?” ಎಂದಳು ಪಿಂಕಿ.

“ಇರಲಿ,” ಎಂದು ಚಿನ್ಮಯಿ ನೆಲಕ್ಕೆ ಬಗ್ಗಿದಳು. “ನನ್ನ ಕಡೆನ ನೋಡಾಕತ್ತಾವ.”

ರೋಬೋಟ್ ಹೊಸ್ತಿಲ ಹತ್ತಿರ ಹೋಗಿ ನಿಲ್ಲುವ ತನಕ ಅವಳು ಕೈ ಬೀಸುತ್ತಲೇ ಇದ್ದಳು.