ಎಲೆಯಡಿಯ ಸಾಕ್ಷಿ

ಹನ್ನೊಂದು ಗುಲಾಬಿ ಗಿಡ, ಮೂರು ವರ್ಷದ ಆರೈಕೆ, ಇಪ್ಪತ್ತು ಬುಟ್ಟಿ ಗೊಬ್ಬರ. ಬೆಳಿಗ್ಗೆ ನೋಡಿದರೆ ಎಂಟು ಗಿಡಗಳ ಎಲೆ ಸುಟ್ಟು ಮುದುಡಿದ್ದವು.

ಹೆಡ್‌ಮಿಸ್ಟ್ರೆಸ್ ಮಾಲಿಯನ್ನು ಗೇಟಿನಲ್ಲೇ ತಡೆದರು.

“ಎಲೆಗೆ ಹತ್ತಿರೋ ಹೇನಿಗೆ ವಿಷದ ಔಷಧಿ ಹೊಡೀತೀನಿ ಅಂದೆ. ಬೇಡ ಅಂದರೂ ಹೊಡೆದಿದೀಯ. ಇವತ್ತಿಂದ ಬರಬೇಡ.”

“ನಾನಲ್ಲಮ್ಮ. ಈ ಮನೆ ಬಿಟ್ಟರೆ ನನಗೆ ಬೇರೆ ಕೆಲಸ ಇಲ್ಲ.”

ಪಕ್ಕದ ಮನೆಯ ಪೊಲೀಸಕ್ಕ ಒಳಗೆ ಬಂದರು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು.

“ತೀರ್ಪು ಆಮೇಲೆ ಕೊಡಿ, ಟೀಚರಕ್ಕ. ಮೊದಲು ಹೆಣ ನೋಡೋಣ.”

*

ಪೊಲೀಸಕ್ಕ ಎಲೆಯನ್ನು ಮಗುಚಿದರು. ಅಡಿಯಲ್ಲೂ ಹನಿ ಗಾತ್ರದ ಕಂದು ಕಲೆ. ಅಂಚಿನಲ್ಲಿ ಬಿಳಿ ಪುಡಿ. ಮೂಸಿ ನೋಡಿದರು. ಮರದ ನೆರಳಲ್ಲಿದ್ದ ಮೂರು ಗಿಡಗಳಿಗೂ ಅದೇ ಪುಡಿ ಮೆತ್ತಿತ್ತು. ಅವು ಮಾತ್ರ ಹಸಿರಾಗೇ ಇದ್ದವು.

ಹೆಡ್‌ಮಿಸ್ಟ್ರೆಸ್ ದನಿ ತಗ್ಗಿಸಿದರು. “ಹಿಂದಿನ ಮನೆಯವರು ಗೋಡೆ ಮೇಲಿಂದ ಏನಾದರೂ ಸುರಿದರೋ ಏನೋ. ಮೊನ್ನೆ ಜಗಳ ಆಡಿದ್ದರು.”

“ಮೇಲಿಂದ ಸುರಿದರೆ ಎಲೆಯಡಿ ನೆನೆಯಲ್ಲ.” ಪೊಲೀಸಕ್ಕ ಮಾಲಿಯತ್ತ ತಿರುಗಿದರು. “ನಿನ್ನೆ ಎಷ್ಟೊತ್ತಿಗೆ ಹೋದೆ?”

“ಬೆಳಿಗ್ಗೆ ಎಂಟಕ್ಕೆ. ಅಮ್ಮಾವ್ರೇ ಗೇಟು ಹಾಕಿಕೊಂಡರು.”

“ಅದು ನಿಜ,” ಎಂದರು ಹೆಡ್‌ಮಿಸ್ಟ್ರೆಸ್. “ಆಮೇಲೆ ನಾನು ಸ್ಕೂಲಿಗೆ ಹೋದೆ. ಬಂದಾಗ ಕತ್ತಲಾಗಿತ್ತು.”

“ಮನೇಲಿ?”

“ನಮ್ಮ ಯಜಮಾನರೊಬ್ಬರೇ.”

ವರಾಂಡದಲ್ಲಿ ಕೂತಿದ್ದ ಯಜಮಾನರ ಪತ್ರಿಕೆ ಇನ್ನಷ್ಟು ಮೇಲೇರಿ ಮುಖ ಮುಚ್ಚಿತು.

*

“ಭಾವ, ಬಟ್ಟೆ ಒಗೆಯೋ ಪುಡಿ ಎಷ್ಟು ಹಾಕಿದಿರಿ?” ಎಂದರು ಪೊಲೀಸಕ್ಕ.

ಪತ್ರಿಕೆ ಮೆಲ್ಲಗೆ ಇಳಿಯಿತು. “ಅರ್ಧ ಬಕೆಟ್ಟಿಗೆ ಒಂದು ಲೋಟ. ಸೋಪು ನೀರಿಗೆ ಹೇನು ಸಾಯುತ್ತೆ ಅಂತ ಯಾರೋ ಅಂದಿದ್ದರು.”

“ಇಷ್ಟು ಹಾಕಿದರೆ ಗಿಡಾನೂ ಸಾಯುತ್ತೆ.”

“ನಿಮಗೆ ಹೇಗೆ ಗೊತ್ತಾಯ್ತು?” ಹೆಡ್‌ಮಿಸ್ಟ್ರೆಸ್ ಕೇಳಿದರು.

“ಪುಡೀಲಿ ಬಟ್ಟೆ ಸೋಪಿನ ವಾಸನೆ. ಅದೇ ಪುಡಿ ಬಿದ್ದರೂ ನೆರಳಿನ ಗಿಡ ಸುಟ್ಟಿಲ್ಲ. ಹೊಡೆದದ್ದು ಉರಿಬಿಸಿಲಲ್ಲಿ. ಆಗ ಮಾಲಿ ಇರಲಿಲ್ಲ. ಇನ್ನು, ಕೆಡಿಸೋಕೆ ಬಂದವರು ಸೊಂಟ ಬಗ್ಗಿಸಿ ಒಂದೊಂದೇ ಎಲೆ ಎತ್ತಿ ಅಡಿಗೆ ಹೊಡೀತಾರಾ? ಹೇನು ಅಲ್ಲಿರುತ್ತೆ ಅಂತ ಗೊತ್ತಿದ್ದು, ಗಿಡದ ಮೇಲೆ ಪ್ರೀತಿ ಇದ್ದೋರ ಕೆಲಸ ಇದು.”

ಯಜಮಾನರು ತಲೆ ಕೆರೆದುಕೊಂಡರು. “ಇವಳ ಹುಟ್ಟುಹಬ್ಬಕ್ಕೆ ಒಂದು ಒಳ್ಳೆ ಹೂವು ಕೊಡೋಣ ಅಂತಿದ್ದೆ.”

ಬೈಯಲು ಹೊರಟಿದ್ದ ಹೆಡ್‌ಮಿಸ್ಟ್ರೆಸ್ ನಕ್ಕು, ಕುರ್ಚಿಯ ಹಿಂದಿದ್ದ ಸ್ಪ್ರೇ ಡಬ್ಬಿ ಎತ್ತಿಕೊಂಡರು.

“ಇನ್ಮೇಲೆ ಲೀಟರಿಗೆ ಒಂದೇ ಚಮಚ, ಕರಗಿಸಿದ ಮೈಸೋಪು,” ಎಂದರು ಪೊಲೀಸಕ್ಕ. “ಸಂಜೆ ಹೊಡೆದು ಬೆಳಿಗ್ಗೆ ಬರೀ ನೀರಲ್ಲಿ ತೊಳೀಬೇಕು.”

ಹೆಡ್‌ಮಿಸ್ಟ್ರೆಸ್ ಮಾಲಿಯತ್ತ ನೋಡಿದರು. “ತಪ್ಪು ನಂದೇ ಕಣಪ್ಪ. ನಾಳೆಯಿಂದ ಬಾ.”

“ನಾಳೆ ಯಾಕಮ್ಮ?” ಮಾಲಿ ಪೈಪು ಎಳೆದುಕೊಂಡ. “ಮೊದಲು ಈ ಪುಡಿ ತೊಳೀತೀನಿ.”

ಎರಡು ಗಿಡ ಒಣಗಿದವು. ಉಳಿದವು ತಿಂಗಳೊಳಗೆ ಚಿಗುರಿದವು. ಮಾಲಿಯ ಕೆಲಸ ಉಳಿಯಿತು. ಸ್ಪ್ರೇ ಡಬ್ಬಿ ಮಾತ್ರ ಯಜಮಾನರ ಕೈತಪ್ಪಿ ಹೋಯಿತು.