ಮಿಯಾವೊ ಕಸೂತಿ ಹರಿದ ಭಾನುವಾರ

ವತ್ಸಲಾ ಗುರುಸಿದ್ದನನ್ನು ಮೊದಲ ಸಲ ಮುಟ್ಟಿದ್ದು ಅವನ ಕೈಗೆ ಏಟು ಕೊಡುವುದಕ್ಕೆ.

ಡೆಟ್ರಾಯಿಟ್‌ನ ಪಶ್ಚಿಮ ಭಾಗದಲ್ಲಿ, ಒಂದು ಫರ್ನಿಚರ್ ಅಂಗಡಿಯ ಮಹಡಿಯ ಮೇಲೆ ಮೂರು ಕೋಣೆಗಳ ಪುಟ್ಟ ಮ್ಯೂಸಿಯಂ ಇತ್ತು. ಎಪ್ಪತ್ತು ದಾಟಿದ ಮಿಸ್ ಕಾರ್ಲಿನ್ ಅದನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರ ತಂದೆ ಪಾದ್ರಿಯಾಗಿ ಚೀನಾದ ನೈಋತ್ಯದ ಬೆಟ್ಟಗಳಲ್ಲಿ, ಮಿಯಾವೊ ಎಂಬ ಜನರ ನಡುವೆ ಇಪ್ಪತ್ತು ವರ್ಷ ಬದುಕಿದವರು. ಅಲ್ಲಿಂದ ತಂದ ಬೆಳ್ಳಿಯ ಕಿರೀಟ, ಬಿದಿರಿನ ವಾದ್ಯಗಳು, ನೀಲಿಯಲ್ಲಿ ಅದ್ದಿದ ಲಂಗಗಳು ಆ ಕೋಣೆಗಳಲ್ಲಿದ್ದವು.

೧೯೬೭ರ ಏಪ್ರಿಲ್‌ನ ಒಂದು ಭಾನುವಾರ, ಹತ್ತಿರದ ಆಸ್ಪತ್ರೆಯಲ್ಲಿ ಇಂಟರ್ನ್ ಆಗಿದ್ದ ಮೈಸೂರಿನ ಡಾಕ್ಟರ್ ವತ್ಸಲಾ ಅಲ್ಲಿಗೆ ಹೋದಳು. ಒಬ್ಬ ಯುವಕ ಹಗ್ಗದಾಚೆ ಕೈಚಾಚಿ ಕಸೂತಿ ಬಟ್ಟೆಯೊಂದರ ಅಂಚನ್ನು ಮಗುಚುತ್ತಿದ್ದ. ತಾಯಂದಿರು ಎಳೆಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ ಅದು.

“ಡೋಂಟ್ ಟಚ್!” ಎಂದು ಅವಳು ಫಟ್ಟನೆ ಹೊಡೆದಳು.

ಅವನು ಕೈ ಉಜ್ಜಿಕೊಳ್ಳುತ್ತ ತನ್ನಷ್ಟಕ್ಕೇ, “ಎಲ್ಲಿಂದ ಬಂತಪ್ಪಾ ಈ ಮಾರಿ!” ಎಂದ.

“ಮಾರಿಗೆ ಕನ್ನಡ ಬರತ್ತೆ ರೀ.”

ಅವನ ಕಿವಿಗಳು ಕೆಂಪಾದವು. “ತಪ್ಪಾತ್ರೀ. ಹಿಂದಿನ ಬದಿ ನೋಡಾಕತ್ತಿದ್ದೆ. ಕಸೂತಿ ಹಾಕಿದಾಕಿ ಎಂಥಾಕಿ ಅಂತ ಹಿಂದಿನ ಬದಿಗೇ ತಿಳಿಯೂದು. ನಾ ಗುಳೇದಗುಡ್ಡದ ಮಗ್ಗದ ಮನ್ಯಾಗ ಹುಟ್ಟಿದಾಂವ.”

“ಹಾಗಾದ್ರೆ ಎಂಥವಳು?”

“ಒಂದೂ ಗಂಟಿಲ್ರೀ. ಭಾಳ ತಾಳ್ಮಿ ಇದ್ದಾಕಿ. ನಿಮ್ಮಂಗಲ್ಲ.”

ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಗುರುಸಿದ್ದ ಆನ್ ಆರ್ಬರ್‌ನಲ್ಲಿ ಬಣ್ಣಗಳ ರಸಾಯನದ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಆಮೇಲೆ ಪ್ರತಿ ಎರಡನೇ ಭಾನುವಾರ ನಲವತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದ. ಬರಹವಿಲ್ಲದ ಮಿಯಾವೊ ಹೆಂಗಸರು ತಮ್ಮ ಕಥೆಗಳನ್ನೆಲ್ಲ ಬಟ್ಟೆಯ ಮೇಲೆ ಹೊಲಿಯುತ್ತಿದ್ದರೆಂದು ಮಿಸ್ ಕಾರ್ಲಿನ್ ವಿವರಿಸುವಾಗ, ಅವನು ಬಟ್ಟೆ ನೋಡುವ ನೆಪದಲ್ಲಿ ಗಾಜಿನಲ್ಲಿ ಕಾಣುವ ವತ್ಸಲಾಳ ಮುಖ ನೋಡುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಗಾಜಿನಲ್ಲಿ ಚೆನ್ನಾಗಿ ಕಾಣುವ ಜಾಗದಲ್ಲೇ ಅವಳು ನಿಲ್ಲುತ್ತಿದ್ದಳು.

ಜುಲೈ ಇಪ್ಪತ್ಮೂರರ ಭಾನುವಾರ ಅವಳ ಚೀಲದಲ್ಲಿ ಅಪ್ಪನ ಕಾಗದವಿತ್ತು.

“ಶಿಕಾಗೋದಲ್ಲಿ ಜಗನ್ನಾಥ ಅಂತ ಒಬ್ಬರು ಎಂಜಿನಿಯರ್ ಇದಾರಂತೆ. ಮುಂದಿನ ತಿಂಗಳು ನನ್ನ ನೋಡೋಕೆ ಬರ್ತಾರಂತೆ. ಒಪ್ಪಿಗೆ ಬರಿ ಅಂದಿದಾರೆ ಅಪ್ಪ.”

ಗುರುಸಿದ್ದ ಬೆಳ್ಳಿಯ ಕಿರೀಟವನ್ನು ಬಹಳ ಹೊತ್ತು ನೋಡಿದ. “ಛಲೋ ಆತಲ್ರೀ.”

“ಅಷ್ಟೇನಾ?”

“ಮತ್ತೇನನ್ಲಿ? ನಾ ನೇಕಾರರ ಮಗ. ನಿಮ್ಮಪ್ಪ ವಕೀಲ್ರು.”

“ನಾನು ಅಪ್ಪನ ಮಾತು ಕೇಳ್ಲಿಲ್ಲ. ನಿಮ್ಮ ಮಾತು ಕೇಳ್ದೆ.”

ಅವನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿ ಒಡೆಯಿತು. ಇಟ್ಟಿಗೆಯೊಂದು ನೆಲದ ಮೇಲೆ ಉರುಳಿ ಗಾಜಿನ ಪೆಟ್ಟಿಗೆಗೆ ಬಡಿದು ನಿಂತಿತು.

ಬೆಳಗಿನ ಜಾವ ಪೊಲೀಸರು ಒಂದು ಬಾರಿನ ಮೇಲೆ ದಾಳಿ ಮಾಡಿದ್ದರು. ಕಪ್ಪು ಜನರೊಳಗೆ ವರ್ಷಗಟ್ಟಲೆ ಕುದಿದ ಸಿಟ್ಟು ಬೀದಿಗೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಇಲ್ಲಿಗೂ ತಲುಪಿತು. ಕೆಳಗೆ ಅಂಗಡಿಯ ದೊಡ್ಡ ಗಾಜು ಕುಸಿದ ಸದ್ದು, ಕೂಗಾಟ, ಓಡಾಟ, ಎಲ್ಲೋ ಗುಂಡಿನ ಸದ್ದು. ಪೆಟ್ರೋಲಿನ ವಾಸನೆ ಮೆಟ್ಟಿಲು ಹತ್ತಿ ಬಂತು. ಅದರ ಹಿಂದೆಯೇ ಹೊಗೆ.

“ನಾನು ಬರುವುದಿಲ್ಲ,” ಎಂದರು ಮಿಸ್ ಕಾರ್ಲಿನ್ ಕುರ್ಚಿ ಹಿಡಿದು.

ಗುರುಸಿದ್ದ ಕಿರೀಟವನ್ನೂ ಕಸೂತಿ ಬಟ್ಟೆಯನ್ನೂ ಅವರ ಮಡಿಲಿಗೆ ಹಾಕಿ, ಅವರನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದ. ವತ್ಸಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಓಡಿದಳು.

ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಬಿದ್ದಿದ್ದ. ನಲವತ್ತರ ಆಸುಪಾಸಿನ ಕಪ್ಪು ಮನುಷ್ಯ. ಒಡೆದ ಗಾಜು ತೊಡೆಯನ್ನು ಸೀಳಿತ್ತು. ಎದೆ ಬಡಿತಕ್ಕೆ ಸರಿಯಾಗಿ ರಕ್ತ ಚಿಮ್ಮಿ ಗೋಡೆಗೆ ರಾಚುತ್ತಿತ್ತು. ವತ್ಸಲಾ ಮಂಡಿಯೂರಿ ಎರಡೂ ಕೈಯಿಂದ ಗಾಯವನ್ನು ಒತ್ತಿ ಹಿಡಿದಳು. ಬೆರಳುಗಳ ಸಂದಿಯಿಂದ ರಕ್ತ ಬಿಸಿಯಾಗಿ ಉಕ್ಕಿತು.

“ಕಟ್ಟೋಕೆ ಏನಾದ್ರೂ ಕೊಡಿ! ಗಟ್ಟಿ ಪಟ್ಟಿ!”

ಗುರುಸಿದ್ದ ಮಿಸ್ ಕಾರ್ಲಿನ್‌ರನ್ನು ಕೆಳಗಿಳಿಸಿ ವತ್ಸಲಾಳ ಸೆರಗು ಹಿಡಿದು ಜಗ್ಗಿದ. ನೈಲೆಕ್ಸ್ ಸೀರೆ, ಹರಿಯಲಿಲ್ಲ. ಹೊಗೆ ತಲೆಯ ಮಟ್ಟಕ್ಕಿಳಿದಿತ್ತು. ಗುರುಸಿದ್ದನ ಕಣ್ಣು ಕಸೂತಿ ಬಟ್ಟೆಯ ಮೇಲೆ ಬಿತ್ತು. ಅದರ ಎರಡು ಬದಿಗೆ ಅಗಲವಾದ ಕಟ್ಟುಪಟ್ಟಿಗಳಿದ್ದವು. ನೂರು ವರ್ಷದ ಹಿಂದೆ ಯಾವಳೋ ತಾಯಿ ಒಂದೂ ಗಂಟಿಲ್ಲದೆ ಹೊಲಿದದ್ದು.

“ಹರಿದುಬಿಡು,” ಎಂದರು ಮಿಸ್ ಕಾರ್ಲಿನ್.

ಅವನು ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳಿದ. ಬಟ್ಟೆ ಹರಿದ ಸದ್ದಿಗೆ ಅವನ ಮುಖ ತನ್ನ ಚರ್ಮವೇ ಹರಿದಂತೆ ಕಿವುಚಿಕೊಂಡಿತು. ವತ್ಸಲಾ ಅದನ್ನು ನೋಡಿದಳು. ಪಟ್ಟಿಯನ್ನು ತೊಡೆಗೆ ಬಿಗಿದು, ಅಲ್ಲೇ ಬಿದ್ದಿದ್ದ ಮುರಿದ ಕುರ್ಚಿಯ ಕೋಲು ತೂರಿಸಿ ತಿರುವಿದಳು. ರಕ್ತ ನಿಧಾನವಾಯಿತು, ನಿಂತಿತು.

ಇಬ್ಬರೂ ಆ ಮನುಷ್ಯನನ್ನು ಬೀದಿಗೆ ಎಳೆದು ತಂದರು. ಮಿಸ್ ಕಾರ್ಲಿನ್ ಗೋಡೆ ಹಿಡಿದು ಹೊರಬಂದರು. ಅವರ ಕೈಯಿಂದ ಜಾರುತ್ತಿದ್ದ ಕಿರೀಟವನ್ನು ಗುರುಸಿದ್ದ ಹಿಡಿದುಕೊಂಡ. ಆಗಲೇ ಎದುರಿನ ಅಂಗಡಿಯವನು ಬಂದೂಕು ಹಿಡಿದು ಓಡಿಬಂದ. ಅವನ ಕಣ್ಣಿಗೆ ಗುರುಸಿದ್ದ ರಕ್ತ ಮೆತ್ತಿದ ಒಬ್ಬ ಕಪ್ಪು ಯುವಕ, ಕೈಯಲ್ಲಿ ಬೆಳ್ಳಿ.

“ಕಳ್ಳ!” ಎಂದು ಬಂದೂಕಿನ ಹಿಡಿಯಿಂದ ಭುಜಕ್ಕೆ ಅಪ್ಪಳಿಸಿದ. ಮೂಳೆ ಮುರಿದ ಸದ್ದು ವತ್ಸಲಾಳಿಗೆ ಕೇಳಿಸಿತು. ಗುರುಸಿದ್ದ ಮಂಡಿ ಮಡಿಸಿ ಬಿದ್ದ. ಎರಡನೇ ಏಟು ಅವನ ಬಾಯಿಗೆ ಬಿತ್ತು. ಮೂರನೆಯದಕ್ಕೆ ಆ ಮನುಷ್ಯ ಬಂದೂಕನ್ನು ತಿರುಗಿಸಿ ನಳಿಗೆಯನ್ನು ಅವನ ಹಣೆಗೆ ಇಟ್ಟ.

ವತ್ಸಲಾ ಆ ನಳಿಗೆಯನ್ನು ರಕ್ತದ ಕೈಯಿಂದ ಹಿಡಿದು ತನ್ನ ಎದೆಗೆ ತಿರುಗಿಸಿಕೊಂಡಳು.

“ಹೀ ಈಸ್ ಮೈ ಹಸ್ಬೆಂಡ್!” ಎಂದು ಕಿರುಚಿದಳು. “ನಾನು ಡಾಕ್ಟರ್. ಇವನು ನನ್ನ ಗಂಡ. ಗುಂಡು ಹಾರಿಸಬೇಕಾದರೆ ಮೊದಲು ನನಗೆ!”

ಮಿಸ್ ಕಾರ್ಲಿನ್ ಕೂಗುತ್ತ ಅಡ್ಡ ಬಂದರು. ಅವರನ್ನು ಗುರುತಿಸಿದ ಅಂಗಡಿಯವನ ಕೈ ಸಡಿಲವಾಯಿತು. ಅವನೂ ಅಳುತ್ತಿದ್ದ, ಅವನ ಅಂಗಡಿ ಹಿಂದೆ ಹೊತ್ತಿ ಉರಿಯುತ್ತಿತ್ತು. ಆ ದಾರಿಯಲ್ಲಿ ಬಂದ ಹಾಲಿನ ವ್ಯಾನಿನವನೊಬ್ಬ ಎಲ್ಲರನ್ನೂ ಹತ್ತಿಸಿಕೊಂಡ. ವ್ಯಾನು ತಿರುಗುವಾಗ ಮ್ಯೂಸಿಯಂನ ಮಾಡು ಕುಸಿಯಿತು.

ಎರಡು ದಿನ ವತ್ಸಲಾ ಆಸ್ಪತ್ರೆಯಲ್ಲಿ ಗುಂಡೇಟು, ಸುಟ್ಟಗಾಯಗಳ ನಡುವೆಯೇ ನಿಂತಿದ್ದಳು. ಮಂಗಳವಾರ ಬೆಳಿಗ್ಗೆ ಗುರುಸಿದ್ದನ ಹಾಸಿಗೆಯ ಬಳಿ ಬಂದು ಸ್ಟೂಲಿನ ಮೇಲೆ ಕುಸಿದಳು. ಅವನ ಬಲಭುಜಕ್ಕೆ ಕಟ್ಟು, ತುಟಿಗೆ ಹೊಲಿಗೆ.

“ಆ ಮನಶಾ?”

“ಬದುಕಿದಾರೆ. ಕಾಲೂ ಉಳೀತು.”

ಅವನು ಕಣ್ಣು ಮುಚ್ಚಿ ತೆರೆದ. “ಅವತ್ತು ಸುಳ್ಳು ಹೇಳಿದ್ರಿ. ಗಂಡ ಅಂತ.”

“ಬಂದೂಕಿನ ಮುಂದೆ ಸುಳ್ಳು ಹೇಳೋಷ್ಟು ಜಾಣೆ ಅಲ್ಲ ನಾನು.” ಅವಳು ಅವನ ಎಡಗೈ ಹಿಡಿದುಕೊಂಡಳು. “ಆ ಬಟ್ಟೆ ಹರಿಯೋವಾಗ ನಿಮ್ಮ ಮುಖ ನೋಡ್ದೆ. ಅಪ್ಪಂಗೆ ಬರೆದಾಯ್ತು, ಶಿಕಾಗೋದವರು ಬರೋದು ಬೇಡ ಅಂತ. ಈಗಲಾದ್ರೂ ಬಾಯಿಬಿಡಿ.”

“ಮಾತಾಡಿದ್ರ ಹೊಲಿಗಿ ಜಗ್ತದ್ರೀ.”

“ಪರವಾಗಿಲ್ಲ. ಮತ್ತೆ ಹಾಕ್ತೀನಿ.”

ಅವನ ಕಣ್ಣಲ್ಲಿ ನೀರು ತುಂಬಿತು. “ಏಪ್ರಿಲ್‌ನ್ಯಾಗ ಹೇಳಬೇಕಿತ್ತು. ನೀವಂದ್ರ ನನಗ ಜೀವ ರೀ.”

ಹೊರಗೆ ಇನ್ನೂ ಸೈರನ್ ಕೂಗುತ್ತಿತ್ತು.

“ನಮ್ಮವ್ವಗ ಒಂದು ಕಾಗದ ಹಾಕಬೇಕು,” ಎಂದ ಅವನು. “ರೇಡಿಯೋದಾಗ ಕೇಳಿ ಹೆದರಿರ್ತಾಳ. ನನ್ನ ಕೈ ಏಳೂದಿಲ್ಲ. ನೀವ ಬರೀರಿ.”

ಅವಳು ನೀಲಿ ಏರೋಗ್ರಾಮ್ ಬಿಡಿಸಿದಳು. “ಏನಂತ?”

“ಆರಾಮ ಅದೀನಿ ಅಂತ.”

“ಮುಂದೆ?”

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಕಿವಿಗಳು ಕೆಂಡದಂತಾಗಿದ್ದವು. ಅವಳು ಪೆನ್ನು ಊರಿ ಸರಸರನೆ ಬರೆದಳು.

“ಏನ್ ಬರದ್ರಿ? ಓದ್ರಲಾ.”

ವತ್ಸಲಾ ಗಂಟಲು ಸರಿಮಾಡಿಕೊಂಡು ಓದಿದಳು: “ಅವ್ವಾ, ಇದನ್ನು ಬರೆಯುತ್ತಿರುವವಳು ವತ್ಸಲಾ. ನಿಮ್ಮ ಮಗ ಹೇಳಲು ನಾಚುತ್ತಿದ್ದಾರೆ. ಅದಕ್ಕೆ ನಾನೇ ಕೇಳುತ್ತಿದ್ದೇನೆ: ನಿಮ್ಮ ಮನೆಗೆ ನಾನು ಬರಲೇ?”